50 ಲಕ್ಷ ಇದೆ: ಕುವೆಂಪುನಗರದ ಫ್ಲಾಟು, ಹೂಟಗಳ್ಳಿಯ ಮಹಡಿ ಮನೆ, ಕೆಸರೆ ಕಡೆಯ ನಾಲ್ಕು ಸಣ್ಣ ಮನೆ. ಬಾಡಿಗೆಗೆ ಯಾವುದು ತಗೊಳ್ಳಲಿ?

ಬೆಂಗಳೂರಲ್ಲಿರುವ ಮೈಸೂರಿನವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನೇ. ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಅಪ್ಪ ಅಮ್ಮ ಕುವೆಂಪುನಗರದಲ್ಲಿದ್ದಾರೆ. ಪಾಂಡವಪುರದ ಹತ್ತಿರ ನಮ್ಮ ಪಾಲಿಗೆ ಬಂದಿದ್ದ ಗದ್ದೆ ಮಾರಿದೆವು, ಕೈಯಲ್ಲಿ 50 ಲಕ್ಷ ಇದೆ. ಬ್ಯಾಂಕಿನಲ್ಲಿ ಇಟ್ಟು ಸುಮ್ಮನಿರೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಮಣ್ಣು ಮಾರಿದ ದುಡ್ಡು ಮಣ್ಣಿಗೇ ಹೋಗಬೇಕು ಅಂತ ಅವರ ಹಠ. ಸರಿ, ಬಾಡಿಗೆ ಬರುವಂಥದ್ದು ಏನಾದರೂ ನೋಡೋಣ ಅಂತ ಮೂರು ವಾರದಿಂದ ಬ್ರೋಕರ್ ಹಿಂದೆ ಸುತ್ತುತ್ತಿದ್ದೇನೆ. ಮೂರು ಕಡೆ ಮನಸ್ಸು ನಿಂತಿದೆ.

ಒಂದು, ಕುವೆಂಪುನಗರದಲ್ಲಿ ಎರಡು ಬೆಡ್‌ರೂಮಿನ ಹಳೇ ಫ್ಲಾಟು. 62 ಲಕ್ಷ ಹೇಳುತ್ತಿದ್ದಾರೆ. ಬಾಡಿಗೆ 16,000 ಬರುತ್ತದೆ. ಅಪ್ಪನ ಮನೆಯಿಂದ ನಡೆದುಕೊಂಡು ಹೋಗಬಹುದು.

ಎರಡು, ಹೂಟಗಳ್ಳಿ ಹತ್ತಿರ 30x40 ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ, ಟೆರೇಸಿನಲ್ಲಿ ಒಂದು ರೂಮು. 72 ಲಕ್ಷ. ಎಲ್ಲಾ ಸೇರಿ 24,500 ಬಾಡಿಗೆ ಬರಬೇಕು ಅಂತ ಬ್ರೋಕರ್ ಲೆಕ್ಕ.

ಮೂರು, ಕೆಸರೆ ಕಡೆ 20x30ರಲ್ಲಿ ನಾಲ್ಕು ಸಣ್ಣ ಮನೆ. ಒಂದೊಂದಕ್ಕೂ ಒಂದು ರೂಮು, ಅಡುಗೆಮನೆ, ಬಚ್ಚಲು. 48 ಲಕ್ಷಕ್ಕೆ ಕೊಡುತ್ತಾರಂತೆ. ನಾಲ್ಕರಿಂದ ತಿಂಗಳಿಗೆ 22,000. ಖಾತೆ ಮಾತ್ರ 'ಬಿ'. ಅದೆಲ್ಲಾ ಮುಂದೆ ಸರಿಹೋಗುತ್ತೆ ಸಾರ್ ಅಂದ ಬ್ರೋಕರ್.

ಪೇಪರ್ ಮೇಲೆ ನೋಡಿದರೆ ಮೊದಲನೆಯದು ವರ್ಷಕ್ಕೆ 3.1 ಪರ್ಸೆಂಟ್, ಎರಡನೆಯದು 4.1, ಮೂರನೆಯದು 5.5. ಹಾಗಿದ್ದರೆ ಎಲ್ಲರೂ ಮೂರನೆಯದನ್ನೇ ಕೊಳ್ಳಬೇಕಲ್ವಾ? ಯಾಕೆ ಕೊಳ್ಳಲ್ಲ? ಹೆಂಡತಿ ಕೇಳಿದ್ದು ಇದೇ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅನುಭವ ಇರುವವರು ಹೇಳಿ. ಏರಿಯಾ ಚೆನ್ನಾಗಿಲ್ಲ ಅಂತ ಒಂದೇ ಸಾಲಿನಲ್ಲಿ ಬರೆದು ಹೋಗಬೇಡಿ ದಯವಿಟ್ಟು, ಯಾಕೆ ಅಂತಾನೂ ಬರೆಯಿರಿ.

ಮೇಟಗಳ್ಳಿ ಮಾಲೀಕ

ನಿಮ್ಮ ಮೂರನೆಯದರಂಥದ್ದೇ ನನ್ನದೂ ಇದೆ, ಮೇಟಗಳ್ಳಿಯಲ್ಲಿ. ನಾಲ್ಕು ಮನೆ, ತಲಾ 5,000. ಅಪ್ಪ ಕಟ್ಟಿಸಿದ್ದು. ಹೋದ ವರ್ಷದ ಲೆಕ್ಕ ಬರೆದಿಟ್ಟಿದ್ದೇನೆ, ಹಾಗೇ ಹಾಕುತ್ತೇನೆ ನೋಡಿ.

ಬರಬೇಕಾಗಿದ್ದು 2,40,000. ಬೇರೆ ಬೇರೆ ಮನೆ ಖಾಲಿ ಬಿದ್ದಿದ್ದು ಒಟ್ಟು ಐದು ತಿಂಗಳು, ಹೋಯಿತು 25,000. ಒಬ್ಬ ಮೂರು ತಿಂಗಳು ಕೊಡದೆ ರಾತ್ರೋರಾತ್ರಿ ಸಾಮಾನು ಸಾಗಿಸಿದ, ಅವನ ಅಡ್ವಾನ್ಸ್ ಇದ್ದಿದ್ದು ಹತ್ತು ಸಾವಿರ, ಅಲ್ಲಿಗೆ 5,000 ಕೈಬಿಟ್ಟಿತು. ಮೂರು ಸಲ ಬಾಡಿಗೆಯವರು ಬದಲಾದರು, ಪ್ರತಿ ಸಲ ಬಣ್ಣ, 18,000. ಸಂಪಿನ ಮೋಟಾರು ಸುಟ್ಟಿತು, ರಿವೈಂಡಿಂಗ್ 4,500. ಡ್ರೈನೇಜ್ ಕಟ್ಟಿಕೊಂಡು 3,000. ನಲ್ಲಿ, ಚಿಲಕ, ಬಾಗಿಲ ಕೆಳಗಿನ ಹಲಗೆ, ಅದು ಇದು 6,000. ಕಂದಾಯ ಮತ್ತು ನೀರಿನ ಬಿಲ್ಲು 9,000. ಕೂಡಿದರೆ 70,500. ಉಳಿದಿದ್ದು 1,69,500. ಆ ಜಾಗ ಇವತ್ತು ಮಾರಿದರೆ ಹೆಚ್ಚೆಂದರೆ 45 ಲಕ್ಷ ಬರಬಹುದು. ಪೇಪರ್ ಮೇಲಿನ 5.3 ಪರ್ಸೆಂಟ್ ಕೈಗೆ ಬರುವಾಗ 3.8 ಆಯಿತು.

ನಿಮ್ಮ ಕುವೆಂಪುನಗರದ ಫ್ಲಾಟಿಗೂ ಇದೇ ಥರ ಕಳೆಯಿರಿ. ಎರಡು ವರ್ಷಕ್ಕೊಂದು ತಿಂಗಳು ಖಾಲಿ ಅಂದುಕೊಳ್ಳಿ, ಬಣ್ಣ ರಿಪೇರಿಗೆ ವರ್ಷಕ್ಕೆ ಹನ್ನೆರಡು ಸಾವಿರ, ಕಂದಾಯ ಆರು ಸಾವಿರ, ಮೇಂಟೆನೆನ್ಸ್ ಬಾಡಿಗೆಯವರೇ ಕಟ್ಟುತ್ತಾರೆ. 1,92,000ದಲ್ಲಿ 1,66,000 ಉಳಿಯುತ್ತೆ, ಅಂದರೆ 2.7. ದೂರದಿಂದ ಎರಡು ಪರ್ಸೆಂಟಿಗಿಂತ ಜಾಸ್ತಿ ಕಂಡ ವ್ಯತ್ಯಾಸ ಹತ್ತಿರ ಹೋದರೆ ಒಂದು ಚಿಲ್ಲರೆ. ಆ ಒಂದು ಪರ್ಸೆಂಟಿಗೆ ನಾನು ವರ್ಷಕ್ಕೆ ನಲವತ್ತು ಸಲ ಅಲ್ಲಿಗೆ ಹೋಗುತ್ತೇನೆ. ನನ್ನ ಮನೆ ಅಲ್ಲಿಂದ ಹತ್ತು ನಿಮಿಷ, ಸ್ಕೂಟರ್ ಇದೆ, ನಡೆಯುತ್ತೆ. ನೀವು ಬೆಂಗಳೂರಿನಿಂದ ಬರಬೇಕು.

ನಿಮ್ಮ ಮನೆಯವರು ಕೇಳಿದ್ದಕ್ಕೆ ಉತ್ತರ ಇದೇ ಅನ್ನಿಸುತ್ತೆ. ಆ ಜಾಸ್ತಿ ಪರ್ಸೆಂಟ್ ಲಾಭ ಅಲ್ಲ ಸಾರ್, ಸಂಬಳ. ಓಡಾಡುವವನಿಗೆ ಕೊಡುವ ಕೂಲಿ.

ಲೆಕ್ಕದ ಪುಸ್ತಕ

ಮೇಲಿನವರು ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಒಂದು ಮಾತು. ನಿಮ್ಮ 50 ಲಕ್ಷದಲ್ಲಿ 48 ಲಕ್ಷದ ಮನೆ ಬರುವುದಿಲ್ಲ. ಕರ್ನಾಟಕದಲ್ಲಿ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ಜೊತೆಗೆ ನೋಂದಣಿ ಶುಲ್ಕ. ಆ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6 ಪರ್ಸೆಂಟ್. 48 ಲಕ್ಷಕ್ಕೆ 3 ಲಕ್ಷ 65 ಸಾವಿರದ ಹತ್ತಿರ ಹತ್ತಿರ. ವಕೀಲರು, ಬ್ರೋಕರ್, ಮೊದಲ ಸಲದ ರಿಪೇರಿ ಎಲ್ಲಾ ಸೇರಿದರೆ 53 ದಾಟುತ್ತೆ. ಪರ್ಸೆಂಟ್ ಲೆಕ್ಕವನ್ನು 48ರ ಮೇಲೆ ಹಾಕಬೇಡಿ, 53ರ ಮೇಲೆ ಹಾಕಿ.

ಸಾಲ ಮಾಡಿ ಕೊಳ್ಳುವುದಾದರೆ ಇನ್ನೂ ಯೋಚನೆ ಮಾಡಿ. ಹೋಮ್ ಲೋನ್ ಬಡ್ಡಿ ಎಂಟರ ಆಸುಪಾಸು ಇದ್ದು ಬಾಡಿಗೆ ಮೂರು ಬಂದರೆ, ಸಾಲದ ಪಾಲಿನ ಮೇಲೆ ವರ್ಷಕ್ಕೆ ಐದು ಪರ್ಸೆಂಟ್ ಜೇಬಿನಿಂದಲೇ ಹೋಗುತ್ತೆ. ಜಾಗದ ಬೆಲೆ ಏರಿ ಅದನ್ನು ತುಂಬಿಕೊಡಬೇಕು. ಏರಬಹುದು. ಏರಲೇಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ.

ತೆರಿಗೆ ವಿಷಯ. ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದಿದ್ದರಲ್ಲಿ 30 ಪರ್ಸೆಂಟ್ ರಿಪೇರಿ ಗಿಪೇರಿಗೆ ಅಂತ ಬಿಡುತ್ತಾರೆ. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಸಿಗುತ್ತೆ, ಐವತ್ತು ಪರ್ಸೆಂಟ್ ಖರ್ಚು ಮಾಡಿದರೂ ಅಷ್ಟೇ ಸಿಗುತ್ತೆ. ಅಂದರೆ ರಿಪೇರಿ ಕಡಿಮೆ ಇರುವ ಮನೆಯವನಿಗೆ ಇದು ಲಾಭ, ಮೇಟಗಳ್ಳಿಯವರಂಥವರಿಗೆ ಅಷ್ಟಕ್ಕಷ್ಟೆ. ಸಾಲದ ಬಡ್ಡಿಯನ್ನು ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಕಳೆದು ನಷ್ಟ ಬಂದರೆ ಅದನ್ನು ಸಂಬಳದಲ್ಲಿ ಕಳೆಯಲು ಬಿಡುವುದಿಲ್ಲ. ಇದನ್ನು ಬಿಲ್ಡರ್ ಕಡೆಯವರು ಹೇಳುವುದಿಲ್ಲ.

ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, 5 ಪರ್ಸೆಂಟ್ ರಿಯಾಯಿತಿ ಇದೆ. ಇನ್ನೊಂದು, ಗದ್ದೆ ಮಾರಿದ್ದೀರಿ ಅಂದಿರಲ್ಲ, ಅದು ಪಾಂಡವಪುರ ಪುರಸಭೆ ಗಡಿಯಿಂದ 2 ಕಿಲೋಮೀಟರ್ ಒಳಗಿತ್ತಾ ಹೊರಗಿತ್ತಾ? ಹೊರಗಿದ್ದರೆ ಹಳ್ಳಿಯ ಕೃಷಿ ಭೂಮಿ ಅಂತ ಲಾಭದ ಮೇಲೆ ತೆರಿಗೆ ಬರುವುದಿಲ್ಲ. ಒಳಗಿದ್ದರೆ ಬರುತ್ತೆ. ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಆಡಿಟರ್ ಹತ್ತಿರ ಇದೊಂದು ಕೇಳಿಬಿಡಿ.

ವಠಾರದ ಹುಡುಗ

'ಬಿ' ಖಾತೆ ಅಂತ ಒಂದು ಪದ ಬರೆದು ಮುಂದೆ ಹೋಗಿಬಿಟ್ಟಿರಲ್ಲ ಅಣ್ಣ, ಅಲ್ಲೇ ಇರುವುದು ಅರ್ಧ ಕಥೆ. ಕೃಷಿ ಭೂಮಿಯಿಂದ ಕನ್ವರ್ಷನ್ ಆಗದ, ಲೇಔಟ್ ಅಪ್ರೂವಲ್ ಇಲ್ಲದ ರೆವಿನ್ಯೂ ಸೈಟುಗಳಿಗೆ ಸಾಮಾನ್ಯವಾಗಿ ಈ ಖಾತೆ. ಹೆಚ್ಚಿನ ಬ್ಯಾಂಕುಗಳು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತವೆ. ಸಾಲ ಸಿಗದ ಜಾಗವನ್ನು ನಾಳೆ ನೀವು ಯಾರಿಗೆ ಮಾರುತ್ತೀರಿ? ಪೂರ್ತಿ ದುಡ್ಡು ಕೈಯಲ್ಲಿ ಇಟ್ಟುಕೊಂಡವನಿಗೆ ಮಾತ್ರ. ಅಂಥವರು ಕಡಿಮೆ, ಅವರಿಗೆ ಅದು ಗೊತ್ತು, ಚೌಕಾಸಿ ಮಾಡುತ್ತಾರೆ. ಅದಕ್ಕೇ 48 ಲಕ್ಷಕ್ಕೆ ಸಿಗುತ್ತಿದೆ. ಅದೇ ಕಟ್ಟಡ 'ಎ' ಖಾತೆಯಲ್ಲಿದ್ದರೆ 60 ಹೇಳುತ್ತಿದ್ದರು, ಆಗ ನಿಮ್ಮ 5.5 ಪರ್ಸೆಂಟ್ 4.4 ಆಗುತ್ತಿತ್ತು. ಬಾಡಿಗೆ ಜಾಸ್ತಿ ಬರುತ್ತಿಲ್ಲ, ಬೆಲೆ ಕಡಿಮೆ ಇದೆ, ಅಷ್ಟೇ. ಇದೇ ಮನೆ ಬೆಲೆ ಕಡಿಮೆ ಯಾಕೆ ಅಂತ ಕೇಳಬೇಕು, ಪರ್ಸೆಂಟ್ ಜಾಸ್ತಿ ಯಾಕೆ ಅಂತ ಅಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿ ಬರೆಯುವವರಲ್ಲಿ ಸಣ್ಣ ಬಾಡಿಗೆ ಅಂದರೆ ಕೆಟ್ಟ ಜನ ಅನ್ನುವ ಧಾಟಿ ಇರುತ್ತೆ. ನಾನು ಗಾಂಧಿನಗರದಲ್ಲಿ ಏಳು ಮನೆ ವಠಾರದಲ್ಲಿ ಬೆಳೆದವನು. ಒಂದು ನಲ್ಲಿ, ಎರಡು ಕಕ್ಕಸು. ಅಪ್ಪ ಹದಿನಾರು ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ. ಐದನೇ ತಾರೀಕು ಸಂಜೆ ಓನರ್ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದರು, ನನ್ನ ಕೈಯಲ್ಲಿ ಕೊಡಿಸುತ್ತಿದ್ದರು. ಓನರ್ ಏನು ಮಾಡಿದ? ಮಳೆಗಾಲದಲ್ಲಿ ಸೂರು ಸೋರಿದರೆ ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದ. ಸಣ್ಣ ಮನೆಯವರು ಬೇಗ ಬಿಟ್ಟು ಹೋಗುತ್ತಾರೆ ಅಂತ ಗೊಣಗುವ ಮಾಲೀಕರು ಒಮ್ಮೆ ಆ ಬಚ್ಚಲಿನಲ್ಲಿ ಸ್ನಾನ ಮಾಡಿ ನೋಡಲಿ. ಒಳ್ಳೆ ಮನೆ ಸಿಕ್ಕರೆ ಯಾರಿಗೂ ಗಂಟುಮೂಟೆ ಕಟ್ಟುವ ಆಸೆ ಇರಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಕೆಸರೆಯದು ನೋಡುವುದೇ ಆದರೆ ಕರೆಂಟ್ ಮೀಟರ್ ಎಷ್ಟಿದೆ ಅಂತ ಕೇಳಿ. ನಾಲ್ಕು ಮನೆಗೆ ನಾಲ್ಕು ಆರ್‌ಆರ್ ನಂಬರ್ ಇದ್ದರೆ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಗೃಹಜ್ಯೋತಿ ಪಡೆಯಬಹುದು. 2023ರಲ್ಲಿ ಅದು ಬಂದ ಮೇಲೆ ಸಣ್ಣ ಮನೆ ಹುಡುಕಿಕೊಂಡು ಬರುವವರು ಬಾಡಿಗೆ ಎಷ್ಟು ಅಂತ ಕೇಳುವುದಕ್ಕಿಂತ ಮೊದಲು ಮೀಟರ್ ಬೇರೆ ಇದೆಯಾ ಅಂತ ಕೇಳುತ್ತಾರೆ. ಒಂದೇ ಮೀಟರ್ ಇದ್ದು ಹಂಚಿಕೊಳ್ಳುವುದಾದರೆ ಪ್ರತಿ ತಿಂಗಳೂ ಜಗಳ ಗ್ಯಾರಂಟಿ, ಅದನ್ನು ಬಗೆಹರಿಸಲು ಬೆಂಗಳೂರಿನಿಂದ ಬರಬೇಕು ನೀವು.

ಸರಸ್ವತಿಪುರಂ ಟೀಚರ್

ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್. ಪರ್ಸೆಂಟ್ ಲೆಕ್ಕ ನನಗೆ ಅಷ್ಟು ಬರುವುದಿಲ್ಲ, ನನ್ನ ಅನುಭವ ಹೇಳುತ್ತೇನೆ. ನಮ್ಮ ಮಹಡಿಯಲ್ಲಿ ಒಂದೇ ಸಂಸಾರ ಹನ್ನೊಂದು ವರ್ಷದಿಂದ ಇದ್ದಾರೆ. ಆತನಿಗೆ ಬ್ಯಾಂಕಿನಲ್ಲಿ ಕೆಲಸ, ಎರಡು ಮಕ್ಕಳು. 9,500 ಕೊಡುತ್ತಾರೆ. ಪಕ್ಕದ ಮನೆಯಲ್ಲಿ ಅಷ್ಟೇ ದೊಡ್ಡ ಮಹಡಿಗೆ 14,000. ನನ್ನ ಮಗ ಅಮೆರಿಕದಿಂದ ಫೋನು ಮಾಡಿದಾಗಲೆಲ್ಲ ಏರಿಸಮ್ಮ ಅಂತಾನೆ. ನಾನು ವರ್ಷಕ್ಕೆ ಮುನ್ನೂರು ನಾನೂರು ಏರಿಸಿ ಸುಮ್ಮನಾಗುತ್ತೇನೆ. ಎರಡು ವರ್ಷದ ಕೆಳಗೆ ನಾನು ಬಚ್ಚಲಲ್ಲಿ ಜಾರಿ ಬಿದ್ದಾಗ ಆಟೋ ಕರೆದು ಆಸ್ಪತ್ರೆಗೆ ಹಾಕಿದ್ದು ಮಗ ಅಲ್ಲ, ಮಹಡಿಯ ಹುಡುಗಿ.

ಖಾಲಿ ಬೀಳುವ ವಿಷಯದಲ್ಲಿ ಒಂದು ಹೇಳುತ್ತೇನೆ, ಇದನ್ನು ಬ್ರೋಕರ್‌ಗಳು ಹೇಳಲ್ಲ. ಸ್ಕೂಲು ರಜ ಶುರುವಾದ ಮೇಲೆ ಏಪ್ರಿಲ್, ಮೇನಲ್ಲಿ ಜನ ಮನೆ ಬದಲಾಯಿಸುತ್ತಾರೆ. ಆಗ ಖಾಲಿಯಾದ ಮನೆ ಜೂನ್ ಮುಗಿಯುವುದರೊಳಗೆ ತುಂಬಬೇಕು. ತುಂಬಲಿಲ್ಲ ಅಂದರೆ ಆಷಾಢ ಬಂತು. ಆಷಾಢದಲ್ಲಿ ನಮ್ಮ ಕಡೆ ಯಾರು ಹಾಲುಕ್ಕಿಸುತ್ತಾರೆ? ಶ್ರಾವಣದವರೆಗೆ ಟು ಲೆಟ್ ಬೋರ್ಡು ನೇತಾಡುತ್ತೆ. ಪಿತೃಪಕ್ಷ, ಧನುರ್ಮಾಸ ಕೂಡ ಹಾಗೇ. ಹಾಗಾಗಿ ಎರಡು ಸಾವಿರ ಜಾಸ್ತಿ ಸಿಗುತ್ತೆ ಅಂತ ಜೂನ್ ಪೂರ್ತಿ ಕಾದು ಕೂತರೆ ಒಂದೂವರೆ ತಿಂಗಳ ಬಾಡಿಗೆ ಹೋಯಿತು ಅಂತಲೇ. ಓದುವ ಹುಡುಗರು, ಫ್ಯಾಕ್ಟರಿ ಹುಡುಗರು ಇದನ್ನೆಲ್ಲ ನೋಡಲ್ಲ, ಸಂಸಾರಸ್ಥರು ನೋಡುತ್ತಾರೆ. ನಿಮ್ಮ ಕುವೆಂಪುನಗರದ ಫ್ಲಾಟಿಗೆ ಬರುವವರು ಸಂಸಾರಸ್ಥರೇ.

ಮತ್ತೆ ಆ ಸಸ್ಯಾಹಾರಿಗಳಿಗೆ ಮಾತ್ರ ಅನ್ನುವ ಬೋರ್ಡು. ನಾನೂ ಹಾಕಿದ್ದೆ, ಮುಚ್ಚಿಡುವುದೇನು. ಮೂರು ತಿಂಗಳು ಖಾಲಿ ಇತ್ತು. ತೆಗೆದ ಎಂಟು ದಿನಕ್ಕೆ ಈಗಿರುವವರು ಬಂದರು. ಅವರ ಮನೆ ಕೋಳಿ ಸಾರಿನ ವಾಸನೆ ಭಾನುವಾರ ಬರುತ್ತೆ. ಕಿಟಕಿ ಹಾಕಿಕೊಂಡರೆ ಆಯಿತು.

ಗೋಕುಲಂ ಥರ್ಡ್ ಸ್ಟೇಜ್

ಒಳ್ಳೆ ಏರಿಯಾ ಅಂದರೆ ಸೇಫ್ ಅಂದುಕೊಂಡಿರುವವರಿಗೆ ನನ್ನದೊಂದು ಕಥೆ. ಪಟ್ಟಾಭಿ ಜೋಯಿಸರ ಯೋಗ ಶಾಲೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ಇಲ್ಲಿ ವಿದೇಶಿಯರಿಗೆ ಮನೆ ಕೊಡುವುದು ದೊಡ್ಡ ದಂಧೆಯೇ ಆಯಿತು. ನಾನೂ ಮೇಲಿನ ಮನೆಗೆ ಮಂಚ, ಫ್ರಿಡ್ಜು, ಗೀಸರ್, ವೈಫೈ ಎಲ್ಲಾ ಹಾಕಿಸಿ ತಿಂಗಳ ಲೆಕ್ಕದಲ್ಲಿ ಕೊಡುತ್ತಿದ್ದೆ. ಸಂಸಾರಕ್ಕೆ ಕೊಟ್ಟರೆ ಬರುವುದರ ಎರಡರಷ್ಟು ಬರುತ್ತಿತ್ತು. ಆದರೆ ಚಳಿಗಾಲ ಮುಗಿದು ಬಿಸಿಲು ಏರಿತು ಅಂದರೆ ಜನ ಕಡಿಮೆ. ಜೊತೆಗೆ ವಿದೇಶಿಯರು ಬಂದ 24 ಗಂಟೆಯೊಳಗೆ, ಇಂಥವರು ಬಂದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರ್ಮ್ ಸಿ ಆನ್‌ಲೈನ್‌ನಲ್ಲಿ ತುಂಬಬೇಕಿತ್ತು, ಮರೆತರೆ ತೊಂದರೆ ನಮಗೇ.

2020ರ ಮಾರ್ಚಿನಲ್ಲಿ ಎಲ್ಲಾ ಊರಿಗೆ ಹೋದರು. ನನ್ನ ಮನೆ ಒಂದೂವರೆ ವರ್ಷ ಖಾಲಿ. ಮಂಚದ ಮೇಲೆ ಧೂಳು. ಕೊನೆಗೆ ಒಬ್ಬ ಡಾಕ್ಟರ್ ಸಂಸಾರಕ್ಕೆ ಮಾಮೂಲಿ ಬಾಡಿಗೆಗೆ ಕೊಟ್ಟೆ, ಈಗಲೂ ಅವರೇ ಇದ್ದಾರೆ.

ಏರಿಯಾ ಒಳ್ಳೆಯದೇ, ಗೋಕುಲಂ ಎಲ್ಲೂ ಹೋಗಿಲ್ಲ. ಆದರೆ ಒಂದೇ ಥರದ ಬಾಡಿಗೆದಾರರನ್ನು ನಂಬಿಕೊಂಡಿದ್ದೆ. ಇದು ಫ್ಯಾಕ್ಟರಿ ಪಕ್ಕದ ಮನೆಗೂ ಅಷ್ಟೇ. ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದಾಗ ನಮ್ಮ ಚಿಕ್ಕಪ್ಪನ ಔಟ್‌ಹೌಸಿನಲ್ಲಿದ್ದವರು ಅಲ್ಲಿಯ ಕೆಲಸದವರೇ. ಆ ಮನೆಗೆ ಮತ್ತೆ ಜನ ಬರಲು ಬಹಳ ದಿನ ಹಿಡಿಯಿತು.

ಬೆಂಗಳೂರಲ್ಲಿರುವ ಮೈಸೂರಿನವ

ಎಲ್ಲರಿಗೂ ಥ್ಯಾಂಕ್ಸ್. ಮೇಟಗಳ್ಳಿಯವರ ಲೆಕ್ಕ ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಿದೆ, ಎರಡು ಸಲ ಓದಿದರು. ಟೀಚರ್ ಅಮ್ಮನಿಗೆ ನಮಸ್ಕಾರ, ಆಷಾಢದ ಮಾತು ಕೇಳಿ ನನ್ನ ಅಮ್ಮ ನಾನು ಹೇಳಲಿಲ್ವಾ ಅಂದರು. ಯಾವಾಗ ಹೇಳಿದ್ದರೋ ಗೊತ್ತಿಲ್ಲ.

ಕೆಸರೆಯದನ್ನು ಬಿಟ್ಟೆ. ಖಾತೆ ಒಂದು, ದೂರ ಇನ್ನೊಂದು.

ಈಗ ಹೂಟಗಳ್ಳಿಯದರ ಹತ್ತಿರ ಮನಸ್ಸು ವಾಲುತ್ತಿದೆ. ಕಾರಣ ಇನ್ಫೋಸಿಸ್. ಹೆಬ್ಬಾಳದ ಕ್ಯಾಂಪಸ್ ಪಕ್ಕದಲ್ಲೇ ಇದೆ, ಸಾವಿರಾರು ಹುಡುಗರು ಟ್ರೈನಿಂಗಿಗೆ ಬರುತ್ತಾರೆ, ಮನೆ ಖಾಲಿ ಬೀಳುವ ಪ್ರಶ್ನೆಯೇ ಇಲ್ಲ ಅಂತ ಬ್ರೋಕರ್ ಹೇಳಿದ. ಆದರೆ ನಿನ್ನೆ ಒಂದು ಹೊಸ ವಿಷಯ ಗೊತ್ತಾಯಿತು. ಕೆಳಗಿನ ಮನೆಯವರು ಬಾಡಿಗೆಗೆ ಇಲ್ಲ, ಭೋಗ್ಯಕ್ಕೆ ಇದ್ದಾರೆ, ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಬಿಡುವಾಗ ಅದನ್ನು ವಾಪಸ್ ಪಡೆಯುವ ಕರಾರು. ಆರು ಲಕ್ಷ ಕೊಟ್ಟಿದ್ದಾರೆ, ಕರಾರು ಮುಗಿಯಲು ಇನ್ನೂ ಹದಿನೆಂಟು ತಿಂಗಳಿದೆ. ಅದೇನೂ ತೊಂದರೆ ಇಲ್ಲ ಸಾರ್, ನೀವು ಕಂಟಿನ್ಯೂ ಮಾಡಿ ಅಂತಾನೆ ಬ್ರೋಕರ್. ಇದರಲ್ಲಿ ಏನಾದರೂ ಪೆಚ್ಚಾಗುವುದಿದೆಯಾ?

ಮೇಟಗಳ್ಳಿ ಮಾಲೀಕ

ಅಯ್ಯೋ ಸಾರ್, ಇದನ್ನು ಮೊದಲೇ ಹೇಳಬಾರದಾ.

ಮೊದಲು ಇನ್ಫೋಸಿಸ್ ವಿಷಯ. ಟ್ರೈನಿಂಗಿಗೆ ಬರುವ ಹುಡುಗ ಹುಡುಗಿಯರು ಇರುವುದು ಕ್ಯಾಂಪಸ್ ಒಳಗೆ. ಅವರಿಗೆ ಅಲ್ಲೇ ರೂಮು, ಅಲ್ಲೇ ಊಟ. ಹೊರಗೆ ಮನೆ ಮಾಡುವವರು ಟ್ರೈನಿಂಗ್ ಮುಗಿದು ಇಲ್ಲೇ ಕೆಲಸಕ್ಕೆ ನಿಂತವರು, ಅವರು ಬೇರೆ ಲೆಕ್ಕ, ಅವರಲ್ಲಿ ಸಂಸಾರ ಇರುವವರು ವಿಜಯನಗರ, ಗೋಕುಲಂ ಕಡೆ ನೋಡುತ್ತಾರೆ. ಹೂಟಗಳ್ಳಿ, ಕೂರ್ಗಳ್ಳಿ ಕಡೆ ನಿಜವಾಗಿ ಬಾಡಿಗೆಗೆ ಬರುವವರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುವವರು. ಶಿಫ್ಟ್ ಇರುತ್ತೆ, ಬೈಕು ಅಥವಾ ಸೈಕಲ್ಲಿನಲ್ಲಿ ಹತ್ತು ನಿಮಿಷಕ್ಕೆ ಗೇಟಿಗೆ ಹೋಗಬೇಕು. ಹೆಂಡತಿ ಮಕ್ಕಳ ಜೊತೆ ಇರುವವರು ಐದಾರು ವರ್ಷ ಅಲ್ಲಾಡುವುದಿಲ್ಲ. ಅವರನ್ನು ನೋಡಿ ಮನೆ ಕೊಳ್ಳಿ, ಇನ್ಫೋಸಿಸ್ ನೋಡಿ ಕೊಳ್ಳಬೇಡಿ. 10,000 ದಾಟಿದರೆ ಅವರಿಗೆ ಭಾರ, ಅದೂ ತಲೆಯಲ್ಲಿರಲಿ.

ಇನ್ನು ಭೋಗ್ಯ. ಆ ಆರು ಲಕ್ಷ ಈಗಿನ ಓನರ್ ಆಗಲೇ ಖರ್ಚು ಮಾಡಿರುತ್ತಾನೆ. ನೀವು ಮನೆ ಕೊಂಡರೆ ಹದಿನೆಂಟು ತಿಂಗಳು ಕೆಳಗಿನ ಮನೆಯಿಂದ ಒಂದು ರೂಪಾಯಿ ಬಾಡಿಗೆ ಬರಲ್ಲ. ಅದು ಮುಗಿದ ದಿನ ಆರು ಲಕ್ಷ ನಿಮ್ಮ ಹತ್ತಿರ ಕೇಳುತ್ತಾರೆ. 24,500 ಅನ್ನುವುದು ಸುಳ್ಳು ಲೆಕ್ಕ. ಕೆಳಗಿನದಕ್ಕೆ ಹತ್ತು ಸಾವಿರ ಹಿಡಿದಿದ್ದರೆ ನಿಮಗೆ ಈಗ ಬರುವುದು 14,500. ಹದಿನೆಂಟು ತಿಂಗಳಿಗೆ 1,80,000 ಇಲ್ಲ. ಹಾಗಾಗಿ ಬೆಲೆಯಲ್ಲಿ ಆರು ಲಕ್ಷವಂತೂ ಇಳಿಸಲೇಬೇಕು, ಹೋಗುವ ಬಾಡಿಗೆಗೂ ಮಾತಾಡಿ. 72ಕ್ಕೆ ಅವನು ಕೊಟ್ಟರೆ ನೀವು ಕೊಡುತ್ತಿರುವುದು ನಿಜವಾಗಿ 78.

ಮಂಡ್ಯದ ಗುರು

ಭೋಗ್ಯದ ಬಗ್ಗೆ ಇನ್ನೊಂದು ಮಾತು. ನಮ್ಮಪ್ಪ ಇದರಲ್ಲಿ ಬೆಂದವರು. ಮಂಡ್ಯದಲ್ಲಿ ನಮ್ಮದೊಂದು ಮನೆ ಮೂರು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ ಆ ದುಡ್ಡಲ್ಲಿ ಅಕ್ಕನ ಮದುವೆ ಮಾಡಿದರು. ಮೂರು ವರ್ಷ ಆದ ಮೇಲೆ ವಾಪಸ್ ಕೊಡಲು ದುಡ್ಡಿಲ್ಲ. ಇನ್ನೊಬ್ಬರನ್ನು ಭೋಗ್ಯಕ್ಕೆ ಹುಡುಕಿ ಅವರ ದುಡ್ಡು ಇವರಿಗೆ ಕೊಟ್ಟರು. ಹೀಗೆ ಒಂಬತ್ತು ವರ್ಷ ಮನೆ ನಮ್ಮದಾಗಿದ್ದೂ ಒಂದು ಪೈಸೆ ಬಾಡಿಗೆ ಕಾಣಲಿಲ್ಲ. ಬಿಡಿಸಿಕೊಂಡಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಆ ಕರಾರು ಪತ್ರ ಕಣ್ಣಾರೆ ನೋಡಿ ಗುರುವೇ, ಬಾಯಿ ಮಾತಿನಲ್ಲಿ ಆರು ಅಂದಿದ್ದು ಪತ್ರದಲ್ಲಿ ಎಂಟು ಇದ್ದರೆ ಆಮೇಲೆ ಕುಣಿದಾಡಿದರೂ ಬರಲ್ಲ. ಕೆಳಗಿನ ಮನೆಯವರನ್ನೇ ನೇರವಾಗಿ ಕೇಳಿ.

ಮತ್ತೆ ಎಲ್ಲರೂ ಮೈಸೂರು ಮೈಸೂರು ಅಂತಿದ್ದೀರಿ, ಮಂಡ್ಯವನ್ನೂ ಒಂದು ಸಲ ನೋಡಿ. ಅಭಿಮಾನಕ್ಕೆ ಹೇಳುತ್ತಿಲ್ಲ, ಸ್ವಲ್ಪ ಇರಬಹುದು. ಈಗ ನಮ್ಮ ಮನೆ ಇರುವುದು ಮಿಮ್ಸ್ ಆಸ್ಪತ್ರೆಗೆ ನಡೆದುಕೊಂಡು ಹೋಗುವಷ್ಟು ದೂರದಲ್ಲಿ. ನರ್ಸುಗಳು, ಲ್ಯಾಬ್ ಟೆಕ್ನಿಷಿಯನ್ನುಗಳು, ಓದುತ್ತಿರುವ ಡಾಕ್ಟರುಗಳು. ರಾತ್ರಿ ಡ್ಯೂಟಿ ಇರುವವರಿಗೆ ಆಸ್ಪತ್ರೆ ಹತ್ತಿರ ಇರಲೇಬೇಕು, ಅದಕ್ಕೆ ಮನೆ ಸ್ವಲ್ಪ ಹಳೆಯದಾದರೂ ಗೊಣಗದೆ ಬರುತ್ತಾರೆ. ರಸ್ತೆ ನೋಡಿದರೆ ನೀವು ಮೂಗು ಮುರಿಯುತ್ತೀರಿ, ಬೀದಿ ತುಂಬಾ ಮೆಡಿಕಲ್ ಶಾಪು, ಆಂಬ್ಯುಲೆನ್ಸ್ ಸದ್ದು. ಆದರೆ ನಾಲ್ಕು ವರ್ಷದಲ್ಲಿ ಖಾಲಿ ಬಿದ್ದಿದ್ದು ಇಪ್ಪತ್ತು ದಿನ. ಅದೇ ನಮ್ಮ ದೊಡ್ಡಪ್ಪನ ಮನೆ ಇನ್ನೂ ಚೆನ್ನಾಗಿರುವ ಬಡಾವಣೆಯಲ್ಲಿದೆ, ಅಗಲ ರಸ್ತೆ, ಪಾರ್ಕು, ಸಾಲು ಮರ. ವರ್ಷದಲ್ಲಿ ಮೂರು ತಿಂಗಳು ಬೀಗ. ಅಲ್ಲಿರುವವರೆಲ್ಲ ಸ್ವಂತ ಮನೆಯವರು. ಬಾಡಿಗೆಗೆ ಅಲ್ಲಿಗೇ ಬರಬೇಕು ಅನ್ನುವ ಕಾರಣ ಯಾರಿಗೂ ಇಲ್ಲ.

ಸ್ಟೇಷನ್ ಹತ್ತಿರದ ಮನೆಗಳೂ ಹಾಗೇ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಅಲ್ಲಿ ಬಿಟ್ಟು ಬೇರೆ ಕಡೆ ಮನೆ ಮಾಡಲ್ಲ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದಾಗ ಇಲ್ಲಿ ಬಾಡಿಗೆ ಎಲ್ಲಾ ಏರಿಬಿಡುತ್ತೆ ಅಂದರು. ಸೈಟಿನ ಬೆಲೆ ಹೇಳುವವರ ಬಾಯಿ ಏರಿತು. ನನ್ನ ಬಾಡಿಗೆ ಏರಿದ್ದು ಐನೂರು ರೂಪಾಯಿ.

ಲೆಕ್ಕದ ಪುಸ್ತಕ

ಮಂಡ್ಯದವರ ಮಾತಿಗೆ ನನ್ನದೊಂದು ಓಟು. ನಮ್ಮ ಆಫೀಸಿಗೆ ಬರುವವರಲ್ಲಿ ನಾಲ್ಕೈದು ಬಾಡಿಗೆ ಮನೆ ಇಟ್ಟುಕೊಂಡವರ ಲೆಕ್ಕ ನೋಡಿ ನೋಡಿ ನನಗೂ ಅದೇ ಅನ್ನಿಸಿದೆ. ಎ ಗ್ರೇಡ್ ಏರಿಯಾ, ಬಿ ಗ್ರೇಡ್ ಏರಿಯಾ ಅಂತ ನಾವು ಹೇಳುವುದು ಕೊಳ್ಳುವವನ ಕಣ್ಣಿನಿಂದ. ಇರಲು ಬರುವವನು ನೋಡುವುದು ಕೆಲಸಕ್ಕೆ ಎಷ್ಟು ದೂರ, ಮಕ್ಕಳ ಸ್ಕೂಲು ಎಲ್ಲಿ, ನೀರು ಬರುತ್ತಾ, ಬೈಕು ಎಲ್ಲಿ ನಿಲ್ಲಿಸಲಿ. ಕುವೆಂಪುನಗರವೂ ಒಂದು ಕಾಲಕ್ಕೆ ಊರಾಚೆ ಆಗಿತ್ತು ಅಂತ ನಮ್ಮ ಸೀನಿಯರ್ ಹೇಳುತ್ತಿರುತ್ತಾರೆ, ಸಂಜೆ ಆದ ಮೇಲೆ ಆಟೋದವರು ಬರುತ್ತಿರಲಿಲ್ಲವಂತೆ.

ಒಂದೇ ಒಂದು ತಕರಾರು. ಅಪ್ಪ ಅಮ್ಮನ ಮನೆ ಪಕ್ಕದ ಫ್ಲಾಟಿಗೆ ಒಂದು ಗುಣ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ. ನಲ್ಲಿ ಸೋರಿದರೆ ಅಪ್ಪ ನಡೆದುಕೊಂಡು ಹೋಗಿ ಪ್ಲಂಬರ್ ಕರೆಸುತ್ತಾರೆ. ಹೂಟಗಳ್ಳಿಗೆ ಎಪ್ಪತ್ತು ವಯಸ್ಸಿನವರು ರಿಂಗ್ ರೋಡ್ ದಾಟಿ ಸ್ಕೂಟರ್‌ನಲ್ಲಿ ಹೋಗುವುದು ಬೇಡ. ಇನ್ನು ಹಳೇ ಫ್ಲಾಟಿನಲ್ಲಿ ನಿಮ್ಮ ಪಾಲಿಗೆ ಬರುವ ಜಾಗ ಎಷ್ಟು ಅಂತ ಕ್ರಯಪತ್ರದಲ್ಲಿ ನೋಡಿ. ಕಟ್ಟಡ ಹಳೆಯದಾಗುತ್ತೆ, ಬೆಲೆ ಏರುವುದು ಅದರ ಕೆಳಗಿನ ನೆಲಕ್ಕೆ. ನಿಮ್ಮ ಅಪ್ಪ ಹೇಳುವ ಮಣ್ಣು ಫ್ಲಾಟಿನಲ್ಲಿ ಇನ್ನೂರು ಮುನ್ನೂರು ಅಡಿ ಇರಬಹುದು, 30x40ರಲ್ಲಿ ಸಾವಿರದ ಇನ್ನೂರು.

ಬೆಂಗಳೂರಲ್ಲಿರುವ ಮೈಸೂರಿನವ

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಭೋಗ್ಯದ ಕರಾರು ನೋಡಿದೆ. ಮಂಡ್ಯದ ಗುರು ಹೇಳಿದ್ದು ಎಂಟು ಆಗಿರಲಿಲ್ಲ, ಆರೂವರೆ ಆಗಿತ್ತು. ಅರ್ಧ ಲಕ್ಷ ಆಮೇಲೆ ಕೈಸಾಲ ತಗೊಂಡು ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದಿದ್ದಾರೆ. ಓನರ್ ಮುಂದೆ ಇಟ್ಟೆ. ಅವರು 66ಕ್ಕೆ ಇಳಿದರು, ಆರೂವರೆ ಅದರಲ್ಲೇ ಕಳೆದು ಉಳಿದಿದ್ದು ಕೊಡುವುದು ಅಂತ ಮಾತಾಯಿತು. ಅಂದರೆ ನನ್ನ ಕೈಯಿಂದ ಈಗ ಹೋಗುವುದು 59.5, ನೋಂದಣಿ ಬೇರೆ. ಸಾಲ ಹದಿನೈದರ ಹತ್ತಿರ ಬೇಕಾಗುತ್ತೆ. ಆರೂವರೆ ವಾಪಸ್ ಕೊಡಲು ಪ್ರತಿ ತಿಂಗಳು ಆರ್‌ಡಿ ಕಟ್ಟುತ್ತೇನೆ, ಇನ್ನೊಬ್ಬರನ್ನು ಭೋಗ್ಯಕ್ಕೆ ಹಾಕುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ.

ಅಪ್ಪ ಖುಷಿಯಾಗಿದ್ದಾರೆ, ಸಾವಿರದ ಇನ್ನೂರು ಅಡಿ ಮಣ್ಣು ಸಿಕ್ಕಿತಲ್ಲ. ನೋಡಿಕೊಳ್ಳಲು ಅಮ್ಮನ ಕಡೆಯ ಸಂಬಂಧಿಯೊಬ್ಬರು ಅಲ್ಲೇ ಎರಡು ಬೀದಿ ಆಚೆ ಇದ್ದಾರೆ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಅಂದೆ, ಮೊದಲು ಬೇಡ ಅಂದರು ಆಮೇಲೆ ಸರಿ ಅಂದರು. ವಕೀಲರ ಹತ್ತಿರ ಮೂವತ್ತು ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟಿನ ದಾಖಲೆ) ಮತ್ತು ಖಾತೆ ಪೇಪರ್ ಕೊಟ್ಟಿದ್ದೇನೆ. ಅಡ್ವಾನ್ಸ್ ಕೊಡುವ ಮೊದಲು ಇನ್ನೇನಾದರೂ ನೋಡಬೇಕಾ?

ಸರಸ್ವತಿಪುರಂ ಟೀಚರ್

ನೀರು ನೋಡಿದಿರಾ? ಬ್ರೋಕರ್ ಜೊತೆ ಹೋಗಬೇಡಿ. ನೀವು ಮನೆಯವರನ್ನು ಕರೆದುಕೊಂಡು ಒಂದು ಬೆಳಿಗ್ಗೆ ಆರು ಗಂಟೆಗೆ ಆ ಬೀದಿಗೆ ಹೋಗಿ. ಎದುರು ಮನೆ ಹೆಂಗಸರು ರಂಗೋಲಿ ಹಾಕುತ್ತಿರುತ್ತಾರೆ. ನೀರು ಯಾವ ಯಾವ ದಿನ ಬಿಡುತ್ತಾರೆ, ಎಷ್ಟು ಹೊತ್ತು ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ, ಇಷ್ಟು ಕೇಳಿ ಸಾಕು. ಮೇಲಿನ ಮನೆಗೆ ಹಿಂದೆ ಇದ್ದವರು ಯಾಕೆ ಬಿಟ್ಟು ಹೋದರು ಅಂತಲೂ ನಿಮ್ಮ ಮನೆಯವರ ಕೈಲಿ ಕೇಳಿಸಿ, ನೀವು ಕೇಳಿದರೆ ಹೇಳಲ್ಲ.

ಬೆಂಗಳೂರಲ್ಲಿರುವ ಮೈಸೂರಿನವ

ಆಗಲಿ ಅಮ್ಮ. ಈ ಭಾನುವಾರವೇ ಹೋಗುತ್ತೇವೆ. ಶನಿವಾರ ರಾತ್ರಿ ಬಸ್ಸು ಹತ್ತುತ್ತೇವೆ, ಆರು ಗಂಟೆಗೆ ಆ ಬೀದಿಯಲ್ಲಿರುತ್ತೇವೆ.